ಸಾಕ್ಸ್, ಸ್ವೆಟರ್, ಉಡುಗೊರೆ: ಕೈಯಲ್ಲಿ ಹೆಣೆದವರು ಹೇಳುವುದು

ಕೇಳಿದ್ದು: ಮಫ್ಲರ್, ಟೋಪಿ ಹೆಣೆಯುವುದು ಕೈಗೆ ಕೂತಿದೆ. ಈಗ ಸಾಕ್ಸ್, ಸ್ವೆಟರ್‌ಗೆ ಕೈ ಹಾಕಬೇಕು ಅಂತಿದ್ದೇನೆ. ಮನೆಯವರಿಗೆ, ಗೆಳತಿಯ ಮಗುವಿಗೆ ಹೆಣೆದು ಕೊಡುವ ಆಸೆ. ಯಾವ ಉಲ್ಲನ್ (ಹೆಣೆಯುವ ನೂಲು) ತಗೊಳ್ಳಲಿ, ಯಾವುದರಿಂದ ಶುರು ಮಾಡಲಿ? ಇದೊಂದು ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು ಅಂತ ನಿಮಗೆ ಅನ್ನಿಸಿದ್ದು ಏನಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ 1

ಮೊದಲು ಡಿಸೈನ್ ನೋಡಲು ಕೂರಬೇಡಿ. ಇದನ್ನು ಹಾಕಿಕೊಳ್ಳುವವರು ಯಾರು, ಒಗೆಯುವವರು ಯಾರು ಅಂತ ಯೋಚನೆ ಮಾಡಿ. ಉಲ್ಲನ್ ಯಾವುದು ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ, ಉಲ್ಲನ್ ತೀರ್ಮಾನ ಆದರೆ ಅರ್ಧ ಕೆಲಸ ಮುಗಿದ ಹಾಗೆ.

ಎಲ್ಲ ಬಟ್ಟೆಯನ್ನೂ ಒಟ್ಟಿಗೆ ಮೆಷಿನ್‌ಗೆ ಹಾಕುವ ಮನೆಗೆ ಶುದ್ಧ ಉಣ್ಣೆಯ ಸ್ವೆಟರ್ ಕೊಟ್ಟರೆ ಅದರ ಗತಿ ಗೊತ್ತಲ್ಲ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳು ಇರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಆ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗಿ ಬಿಡುತ್ತದೆ. ಆಮೇಲೆ ಏನು ಮಾಡಿದರೂ ಮೊದಲಿನ ಹಾಗೆ ಆಗುವುದಿಲ್ಲ. ಸೂಪರ್‌ವಾಷ್ ಅಂತ ಬರೆದಿರುವ ಉಣ್ಣೆಯಲ್ಲಿ ಆ ಪೊರೆಯನ್ನು ತೆಗೆದಿರುತ್ತಾರೆ ಇಲ್ಲವೇ ಮುಚ್ಚಿರುತ್ತಾರೆ, ಹಾಗಾಗಿ ಕುಗ್ಗುವ ಭಯ ಕಡಿಮೆ. ಆದರೆ ಅದು ಒದ್ದೆಯಾದಾಗ ಹಿಗ್ಗುವ ಸ್ವಭಾವದ್ದು. ಅಕ್ರಿಲಿಕ್ (ಕೃತಕ ನೂಲು) ಆದರೆ ಮೆಷಿನ್ ತಡೆಯುತ್ತದೆ, ಇಸ್ತ್ರಿ ತಡೆಯುವುದಿಲ್ಲ. ಬಿಸಿ ತಾಗಿದ ಜಾಗ ಸತ್ತ ಹಾಗೆ ಜೋಲು ಬೀಳುತ್ತದೆ. ಕಾಟನ್ ಮೈಗೆ ಹಿತ, ಆದರೆ ಭಾರ. ದೊಡ್ಡವರ ಸ್ವೆಟರ್ ಹೆಣೆದರೆ ತನ್ನ ಭಾರಕ್ಕೇ ಕೆಳಗೆ ಇಳಿಯುತ್ತಾ ಹೋಗುತ್ತದೆ. ಅಕ್ರಿಲಿಕ್ ಅಂದರೆ ಮೂಗು ಮುರಿಯುವವರು ತುಂಬಾ ಜನ ಇದ್ದಾರೆ, ನನಗಂತೂ ಅದು ಅರ್ಥವಾಗಿಲ್ಲ. ಒಗೆಯಲು ಹೆದರಿ ಬೀರುವಿನಲ್ಲೇ ಇಡುವ ಉಣ್ಣೆಗಿಂತ ದಿನಾ ಹಾಕುವ ಅಕ್ರಿಲಿಕ್ ವಾಸಿ ಅಲ್ವಾ?

ಎರಡನೆಯದು ಸ್ಯಾಂಪಲ್ ತುಂಡು, ಅಂದರೆ ಅಳತೆ ನೋಡಲು ಅದೇ ಉಲ್ಲನ್, ಅದೇ ಕಡ್ಡಿಯಲ್ಲಿ ಮೊದಲೇ ಹೆಣೆಯುವ ಚಿಕ್ಕ ಚೌಕ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೂ ಸ್ವೆಟರ್‌ಗೆ ಇದನ್ನು ಬಿಡುವ ಹಾಗಿಲ್ಲ. ಲೆಕ್ಕ ನೋಡಿ. ಎದೆ ಸುತ್ತಳತೆ 92 ಸೆಂ.ಮೀ., ಸ್ವಲ್ಪ ಸಡಿಲ ಇರಲಿ ಅಂತ 8 ಸೇರಿಸಿ 100 ಸೆಂ.ಮೀ. ಬೇಕು ಅಂದುಕೊಳ್ಳಿ. ಪ್ಯಾಟರ್ನ್ (ಹೆಣೆಯುವ ಕ್ರಮ ಬರೆದ ಸೂಚನೆ) ಪ್ರಕಾರ 10 ಸೆಂ.ಮೀ.ಗೆ 22 ಸ್ಟಿಚ್ (ಕುಣಿಕೆ), ಅಂದರೆ ಒಟ್ಟು 220. ನಿಮ್ಮ ಕೈ ಸ್ವಲ್ಪ ಸಡಿಲವಾಗಿದ್ದು 10 ಸೆಂ.ಮೀ.ಗೆ 20 ಸ್ಟಿಚ್ ಬಂತು ಅನ್ನಿ. ಎರಡೇ ಸ್ಟಿಚ್ ತಾನೇ ಅನ್ನಿಸುತ್ತದೆ. ಆದರೆ ಅದೇ 220 ಸ್ಟಿಚ್ ಈಗ 110 ಸೆಂ.ಮೀ. ಆಯಿತು. ಇನ್ನೊಬ್ಬರು ಒಳಗೆ ನುಗ್ಗಬಹುದು. ತುಂಡನ್ನು ಕನಿಷ್ಠ 15 ಸೆಂ.ಮೀ. ಚೌಕ ಹೆಣೆಯಿರಿ, ಸ್ವೆಟರ್ ಹೇಗೆ ಒಗೆಯುತ್ತಾರೋ ಹಾಗೇ ಒಗೆದು ಒಣಗಿಸಿ, ಆಮೇಲೆ ನಡುವಿನ 10 ಸೆಂ.ಮೀ. ಮಾತ್ರ ಅಳೆಯಿರಿ. ಅಂಚು ಯಾವಾಗಲೂ ಸುಳ್ಳು ಹೇಳುತ್ತದೆ. ಸುತ್ತಿನಲ್ಲಿ (ತಿರುಗಿಸದೆ, ಕೊಳವೆಯ ಹಾಗೆ) ಹೆಣೆಯುವುದಾದರೆ ಸ್ಯಾಂಪಲ್ ಕೂಡ ಸುತ್ತಿನಲ್ಲೇ ಆಗಬೇಕು, ಯಾಕೆಂದರೆ ಸಾದಾ ಹೆಣಿಗೆ ಸುತ್ತಿನಲ್ಲಿ ಬರೀ ನಿಟ್ (ಸೀದಾ ಹೆಣಿಗೆ), ತಿರುಗಿಸಿ ಹೆಣೆದರೆ ಪರ್ಲ್ (ಉಲ್ಟಾ ಹೆಣಿಗೆ) ಸಾಲೂ ಇರುತ್ತದೆ, ತುಂಬಾ ಜನರ ಕೈಯಲ್ಲಿ ಪರ್ಲ್ ಸಾಲು ನಿಟ್ ಸಾಲಿಗಿಂತ ಸಡಿಲ ಬರುತ್ತದೆ.

ಉಲ್ಲನ್ ಉಂಡೆಗಳನ್ನು ಒಂದೇ ಸಲ ತಗೊಳ್ಳಿ, ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಉಂಡೆಗಳ ಗುರುತು) ಒಂದೇ ಇದೆಯಾ ನೋಡಿ. ಅಂಗಡಿಯ ಬೆಳಕಿನಲ್ಲಿ ಒಂದೇ ಬಣ್ಣ ಕಾಣುವ ಎರಡು ಉಂಡೆ ಬಿಸಿಲಿನಲ್ಲಿ ಬೇರೆ ಬೇರೆ ಕಾಣುತ್ತವೆ. ಬೇರೆ ಲಾಟ್ ಸೇರಿಸಲೇಬೇಕಾಗಿ ಬಂದರೆ ಹಳೆಯದು ಮುಗಿಯುವವರೆಗೆ ಕಾಯಬೇಡಿ. ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಅಂತ ಕೆಲವು ಇಂಚು ಹೆಣೆದರೆ ವ್ಯತ್ಯಾಸ ಕರಗಿ ಹೋಗುತ್ತದೆ.

ಮೊದಲ ಸ್ವೆಟರ್‌ಗೆ ಕತ್ತಿನಿಂದ ಕೆಳಗೆ ಹೆಣೆಯುವ ರ್‍ಯಾಗ್ಲನ್ ಹಿಡಿಯಿರಿ. ಅದರಲ್ಲಿ ತೋಳು ಮೈಗೆ ಸೇರುವ ಗೆರೆ ಕತ್ತಿನಿಂದ ಕಂಕುಳಿಗೆ ಓರೆಯಾಗಿ ಇಳಿಯುತ್ತದೆ, ಜೋಡಿಸುವ ಹೊಲಿಗೆ ಹೆಚ್ಚೇನೂ ಇಲ್ಲ. ನಡುನಡುವೆ ಸ್ಟಿಚ್‌ಗಳನ್ನು ಉದ್ದ ದಾರಕ್ಕೆ ಇಳಿಸಿ ಮೈಮೇಲೆ ಹಾಕಿ ನೋಡಬಹುದು. ಅಳತೆ ದೇಹದಿಂದ ತಗೊಳ್ಳುವ ಬದಲು ಅವರಿಗೆ ಚೆನ್ನಾಗಿ ಕೂರುವ ಒಂದು ಹಳೇ ಸ್ವೆಟರ್ ಮೇಜಿನ ಮೇಲೆ ಹರಡಿ ತಗೊಂಡರೆ ಇನ್ನೂ ಸುಲಭ, ಕೊಡುವ ವಿಷಯ ಗುಟ್ಟಾಗಿಯೂ ಇರುತ್ತದೆ.

ಉತ್ತರ 2

ಮೇಲಿನವರು ಸಾಕ್ಸ್ ವಿಷಯ ಬಿಟ್ಟಿದ್ದಾರೆ, ನಾನು ಅದನ್ನೇ ಹೇಳುತ್ತೇನೆ. ಸ್ಯಾಂಪಲ್ ಬಗ್ಗೆ ಮಾತ್ರ ಒಂದು ತಕರಾರು: ಸಾಕ್ಸ್‌ಗೆ ಬೇರೆ ಸ್ಯಾಂಪಲ್ ಬೇಡ. ಒಂದು ಸಾಕ್ಸೇ ಸ್ಯಾಂಪಲ್. ಎರಡು ಇಂಚು ಹೆಣೆದು ಕಾಲಿಗೆ ಎಳೆದು ನೋಡಿ, ಸರಿ ಇಲ್ಲ ಅಂದರೆ ಬಿಚ್ಚಿ. ಬಿಚ್ಚಲು ಹೆದರುವವರು ಸಾಕ್ಸ್ ಹೆಣೆಯಲು ಹೋಗಬಾರದು.

ಸಾಕ್ಸ್ ಕಾಲಿಗಿಂತ ಚಿಕ್ಕದಿರಬೇಕು. ಸಡಿಲ ಸಾಕ್ಸ್ ಶೂ ಒಳಗೆ ಮಡಚಿಕೊಂಡು ಬೇಗ ಸವೆಯುತ್ತದೆ. ಪಾದದ ಸುತ್ತಳತೆ 23 ಸೆಂ.ಮೀ. ಇದ್ದರೆ ಸುಮಾರು ಶೇ. 10 ಕಡಿಮೆ ಮಾಡಿ, ಹತ್ತಿರ ಹತ್ತಿರ 21 ಸೆಂ.ಮೀ. ಹತ್ತು ಸೆಂ.ಮೀ.ಗೆ 30 ಸ್ಟಿಚ್ ಬರುವ ಕೈ ಆದರೆ 62 ಅಥವಾ 63 ಆಗುತ್ತದೆ. ಬಾಯಿಯ ಹತ್ತಿರದ ಹಿಗ್ಗುವ ಪಟ್ಟಿಗೆ, ಅಂದರೆ ಎರಡು ನಿಟ್ ಎರಡು ಪರ್ಲ್ ರಿಬ್‌ಗೆ ನಾಲ್ಕರಿಂದ ಭಾಗವಾಗುವ ಸಂಖ್ಯೆ ಬೇಕು, ಅದಕ್ಕೇ 64 ಅನ್ನುವ ಸಂಖ್ಯೆ ಅಷ್ಟೊಂದು ಪ್ಯಾಟರ್ನ್‌ಗಳಲ್ಲಿ ಕಾಣುವುದು. ಪಾದದ ಉದ್ದವೂ ಅಷ್ಟೇ, ಒಂದರಿಂದ ಒಂದೂವರೆ ಸೆಂ.ಮೀ. ಕಡಿಮೆ ಇರಲಿ.

ಸಾಕ್ಸ್‌ನ ಬಾಯಿ ಬಿಗಿಯಾದರೆ ಮಿಕ್ಕಿದ್ದು ಎಷ್ಟು ಚೆನ್ನಾಗಿದ್ದರೂ ದಂಡ. ಹಿಮ್ಮಡಿ ದಾಟುವುದೇ ಇಲ್ಲ. ಕ್ಯಾಸ್ಟ್ ಆನ್ (ಕಡ್ಡಿಗೆ ಮೊದಲ ಸಾಲಿನ ಸ್ಟಿಚ್ ಹಾಕುವುದು) ಮಾಡುವಾಗ ಒಂದು ಸ್ಟಿಚ್‌ಗೂ ಇನ್ನೊಂದಕ್ಕೂ ನಡುವೆ ಕೂದಲೆಳೆಯಷ್ಟು ಜಾಗ ಬಿಡಿ, ಇಲ್ಲವೇ ಒಂದು ಸೈಜ್ ದೊಡ್ಡ ಕಡ್ಡಿ ಬಳಸಿ.

ಹಿಮ್ಮಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ತೂತು ಬೀಳುವುದು ಅಲ್ಲೇ ತಾನೇ. ಹಿಮ್ಮಡಿಯ ಹಿಂದಿನ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ಹೆಣೆಯುವಾಗ, ಮುಂಭಾಗದ ಸಾಲಿನಲ್ಲಿ ಒಂದು ಸ್ಟಿಚ್ ಹೆಣೆಯದೆ ಹಾಗೇ ಕಡ್ಡಿಗೆ ಜಾರಿಸಿ, ಮುಂದಿನದನ್ನು ನಿಟ್ ಮಾಡಿ. ಸಾಲಿಡೀ ಹೀಗೇ. ಹಿಂಭಾಗದ ಸಾಲಿನಲ್ಲಿ ಮೊದಲನೆಯದನ್ನು ಜಾರಿಸಿ, ಮಿಕ್ಕಿದ್ದೆಲ್ಲ ಪರ್ಲ್. ಜಾರಿಸಿದ ಸ್ಟಿಚ್‌ನ ಹಿಂದೆ ದಾರ ಅಡ್ಡ ಹಾಯುವುದರಿಂದ ಬಟ್ಟೆ ಹೆಚ್ಚುಕಡಿಮೆ ಎರಡು ಪದರ ಆಗುತ್ತದೆ. ಮುಟ್ಟಿ ನೋಡಿದರೆ ಒತ್ತಾಗಿ, ಗೆರೆ ಗೆರೆಯಾಗಿ ಸಿಗುತ್ತದೆ. ಆಮೇಲೆ ಈ ಪಟ್ಟಿಯ ಎರಡೂ ಅಂಚಿನಿಂದ ಸ್ಟಿಚ್ ಎತ್ತಿಕೊಳ್ಳುವಾಗ ಮೂಲೆಯಲ್ಲಿ ಒಂದು ಸಣ್ಣ ಕಿಂಡಿ ಉಳಿಯುತ್ತದೆ. ಅಲ್ಲಿ ಒಂದು ಸ್ಟಿಚ್ ಜಾಸ್ತಿ ಎತ್ತಿ, ಮುಂದಿನ ಸುತ್ತಿನಲ್ಲಿ ಅದನ್ನು ಪಕ್ಕದ್ದರ ಜೊತೆ ಸೇರಿಸಿ ಹೆಣೆದರೆ ಕಿಂಡಿ ಮುಚ್ಚುತ್ತದೆ.

ಉಲ್ಲನ್‌ನಲ್ಲಿ ಸುಮಾರು ಕಾಲು ಭಾಗ ನೈಲಾನ್ ಇರಲಿ, ಇಲ್ಲದಿದ್ದರೆ ಹಿಮ್ಮಡಿ ಬೇಗ ಹೋಗುತ್ತದೆ. ಸಾಕ್ಸ್‌ಗೆ ಅಂತಲೇ ಬರುವ 100 ಗ್ರಾಂ ಉಂಡೆ ಸಾಮಾನ್ಯವಾಗಿ 400 ಮೀಟರ್ ಆಸುಪಾಸು ಇರುತ್ತದೆ, ದೊಡ್ಡವರ ಒಂದು ಜೋಡಿಗೆ ಧಾರಾಳ.

ಇನ್ನೊಂದು, ಎರಡನೇ ಸಾಕ್ಸ್ ಅನ್ನುವ ಕಾಯಿಲೆ. ಒಂದು ಮುಗಿಯುತ್ತದೆ, ಇನ್ನೊಂದಕ್ಕೆ ಕೈ ಏಳುವುದಿಲ್ಲ. ಉದ್ದನೆಯ ಸರ್ಕ್ಯುಲರ್ ಕಡ್ಡಿಯಲ್ಲಿ (ಎರಡು ತುದಿಯ ನಡುವೆ ಬಾಗುವ ತಂತಿ ಇರುವ ಕಡ್ಡಿ) ಎರಡನ್ನೂ ಒಟ್ಟಿಗೆ ಹೆಣೆಯುವುದು ಇದಕ್ಕೆ ಮದ್ದು. ಅದು ಆಗಲಿಲ್ಲ ಅಂದರೆ ಮೊದಲನೆಯದರ ಸುತ್ತುಗಳನ್ನೆಲ್ಲ ಕಾಗದದಲ್ಲಿ ಬರೆದಿಡಿ. ನೆನಪಿರುತ್ತದೆ ಅಂತ ನಂಬಬೇಡಿ.

ಪ್ಯಾಟರ್ನ್ ಇಲ್ಲದೆ ಸ್ವೆಟರ್ ಹೆಣೆಯುವ ಧೈರ್ಯ ಬಂದ ಮೇಲೆ ಹೆಣಿಗೆಯ ಪುಸ್ತಕಗಳನ್ನು ಬರೆದ ಎಲಿಜಬೆತ್ ಜಿಮ್ಮರ್‌ಮನ್ ಅವರ ಶೇಕಡಾ ಲೆಕ್ಕ ನೋಡಿ. ಎದೆಯ ಸ್ಟಿಚ್ 100 ಅಂದುಕೊಂಡರೆ ಮಣಿಕಟ್ಟಿಗೆ 20, ತೋಳಿನ ಮೇಲ್ಭಾಗಕ್ಕೆ ಸುಮಾರು 33, ಕತ್ತಿಗೆ 40. ಮೇಲಿನವರ 220 ಸ್ಟಿಚ್ ಸ್ವೆಟರ್‌ಗೆ ಮಣಿಕಟ್ಟು 44, ಕತ್ತು 88. ಎಲ್ಲರ ಮೈಗೂ ಹೊಂದುತ್ತದೆ ಅಂತಲ್ಲ, ಆದರೆ ಶುರು ಮಾಡಲು ಒಂದು ಹಿಡಿತ ಸಿಗುತ್ತದೆ.

ಉತ್ತರ 3

ಉಡುಗೊರೆ ಬಗ್ಗೆ. ಕೇಳದೆ ಯಾರಿಗೂ ಸ್ವೆಟರ್ ಹೆಣೆಯಬೇಡಿ. ಟೋಪಿ, ಸಾಕ್ಸ್ ಪರವಾಗಿಲ್ಲ. ಬಣ್ಣ ಯಾವುದು, ಕತ್ತು ಹೇಗಿರಬೇಕು, ಉಣ್ಣೆ ಚುಚ್ಚುತ್ತದಾ ಅಂತ ಕೇಳಿದರೆ ಅಚ್ಚರಿ ಹೋಗುತ್ತದೆ ನಿಜ, ಆದರೆ ಹಾಕಿಕೊಳ್ಳುತ್ತಾರೆ. ಚುಚ್ಚುತ್ತದಾ ಅಂತ ನೋಡಲು ಉಂಡೆಯನ್ನು ಕೈಯಲ್ಲಿ ಹಿಸುಕಿದರೆ ಪ್ರಯೋಜನ ಇಲ್ಲ, ಕತ್ತಿಗೆ ಒತ್ತಿ ಹಿಡಿಯಿರಿ.

ಮಗುವಿನ ಸ್ವೆಟರ್‌ಗೆ ಕೆಲವು ಮಾತು. ಹುಟ್ಟಿದ ಮಗುವಿನ ತಲೆ ಎದೆಗಿಂತ ದೊಡ್ಡದು, ತಲೆ ಸುತ್ತಳತೆಯೇ ಸುಮಾರು 35 ಸೆಂ.ಮೀ. ಬರುತ್ತದೆ. ತಲೆ ಮೇಲಿಂದ ಹಾಕುವ ಸ್ವೆಟರ್ ಆದರೆ ಮಗು ಅಳುತ್ತದೆ, ಅಮ್ಮ ಬಿಡುತ್ತಾಳೆ. ಮುಂದೆ ತೆರೆಯುವ ಹಾಗೆ ಮಾಡಿ, ಇಲ್ಲವೇ ಭುಜದ ಮೇಲೆ ಬಟನ್ ಇಡಿ. ಬಟನ್ ಕಿತ್ತು ಬರದ ಹಾಗೆ ಗಟ್ಟಿಯಾಗಿ ಹೊಲಿಯಿರಿ, ಕತ್ತಿಗೆ ಕಟ್ಟುವ ದಾರ ಬೇಡವೇ ಬೇಡ. ತೂತಿನ ಡಿಸೈನ್ ಚೆಂದ, ಆದರೆ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ಎರಡು ಬಣ್ಣದ ಹೆಣಿಗೆಯ ಒಳಗಡೆ ಉದ್ದುದ್ದ ದಾರ ಬಿಟ್ಟರೂ ಅದೇ ಕಥೆ. ಸೈಜ್ ಯಾವಾಗಲೂ ಒಂದು ಹೆಜ್ಜೆ ದೊಡ್ಡದು ಹೆಣೆಯಿರಿ, ಆ ಸೈಜ್ ಸರಿಹೋಗುವ ತಿಂಗಳಲ್ಲಿ ಚಳಿ ಇರುತ್ತದಾ ಅಂತಲೂ ಲೆಕ್ಕ ಹಾಕಿ. ಇದನ್ನು ಯಾರೂ ಯೋಚಿಸುವುದಿಲ್ಲ. ಬೇಸಿಗೆಯಲ್ಲಿ ಸರಿಹೋಗುವ ದಪ್ಪ ಸ್ವೆಟರ್ ಚಳಿಗಾಲಕ್ಕೆ ಚಿಕ್ಕದಾಗಿರುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಂದರೆ, ಮಗುವಿನ ಸ್ವೆಟರ್‌ನಿಂದಲೇ ಶುರು ಮಾಡಿ. ದೊಡ್ಡ ಸ್ವೆಟರ್‌ನಲ್ಲಿ ಏನೇನಿದೆಯೋ ಅದೆಲ್ಲ ಇದರಲ್ಲೂ ಇದೆ: ಕತ್ತು, ತೋಳು, ಸ್ಟಿಚ್ ಹೆಚ್ಚಿಸುವುದು ಕಡಿಮೆ ಮಾಡುವುದು. ಬೇಗ ಮುಗಿಯುತ್ತದೆ. ಆಮೇಲೆ ದಪ್ಪ ಉಲ್ಲನ್‌ನಲ್ಲಿ ಒಂದು ಜೋಡಿ ಮನೆಯೊಳಗೆ ಹಾಕುವ ಸಾಕ್ಸ್. ತೆಳು ಸಾಕ್ಸ್, ದೊಡ್ಡವರ ಸ್ವೆಟರ್ ಅದಾದ ಮೇಲೆ ಇರಲಿ.

ಕೊಡುವಾಗ ಒಂದು ಚೀಟಿ ಇಡಿ. ಯಾವ ನೂಲು, ತಣ್ಣೀರಾ ಮೆಷಿನ್ನಾ, ಅಷ್ಟು ಬರೆದರೆ ಸಾಕು. ಉಣ್ಣೆ ಆದರೆ ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ನೇತು ಹಾಕದೆ ಹರಡಿ ಒಣಗಿಸಿ ಅಂತಲೂ ಬರೆಯಿರಿ. ಉಳಿದ ಉಲ್ಲನ್‌ನಿಂದ ಸ್ವಲ್ಪ ಚೀಟಿಯ ಜೊತೆ ಸುತ್ತಿ ಕೊಡಿ. ಮೊಣಕೈ ಹರಿದಾಗ ರಿಪೇರಿಗೆ ಅದೇ ಬಣ್ಣ ಬೇರೆಲ್ಲೂ ಸಿಗುವುದಿಲ್ಲ.