ಸಹಾಯ ಬೇಕು: ಹೊಸ ಗೇಮಿಂಗ್ ಪಿಸಿಗೆ ಎಎಂಡಿಯ ರೈಝನ್ 5 5600 ಪ್ರೊಸೆಸರ್ ಸಾಕಾ, 7600 ಬೇಕಾ?

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು. ನನ್ನ ಪಿಸಿಗೆ ಒಂಬತ್ತು ವರ್ಷ. ವ್ಯಾಲರಂಟ್ ಶೂಟಿಂಗ್ ಗೇಮ್ ಆಡುವಾಗ ಎದುರಾಳಿ ಕಂಡ ಕೂಡಲೇ ಸ್ಕ್ರೀನ್ ನಿಂತುಬಿಡುತ್ತದೆ. ಮತ್ತೆ ಚಾಲೂ ಆಗುವಷ್ಟರಲ್ಲಿ ನಾನು ಸತ್ತಿರುತ್ತೇನೆ! ಸೈಡಿನ ಮುಚ್ಚಳ ಬಿಚ್ಚಿ, ಟೇಬಲ್ ಫ್ಯಾನ್ ಎದುರಿಗಿಟ್ಟು ದಿನ ದೂಡುತ್ತಿದ್ದೇನೆ.

ಮಾನಿಟರ್, ಎಸ್‌ಎಸ್‌ಡಿ ಇವೆ. ಉಳಿದಿದ್ದಕ್ಕೆ 75 ಸಾವಿರ ಕೂಡಿಸಿದ್ದೇನೆ. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060, ಅದು ಪಕ್ಕಾ. ತಲೆ ಕೆಟ್ಟಿರುವುದು ಪ್ರೊಸೆಸರ್ ವಿಷಯದಲ್ಲಿ.

ರೈಝನ್ 5 5600 ತಗೊಂಡರೆ ಹಳೇ ಪಿಸಿಯ 16 ಜಿಬಿ ಡಿಡಿಆರ್4 ರ‍್ಯಾಮ್ ಅದಕ್ಕೇ ಹಾಕಬಹುದು, ದುಡ್ಡು ಉಳಿಯುತ್ತದೆ. ಆದರೆ ಅದು ಕೂರುವ ಎಎಂ4 ಹಳೇ ಸಾಕೆಟ್ (ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರಿಸುವ ಜಾಗ), ಮುಂದೆ ಅಪ್‌ಗ್ರೇಡ್‌ಗೆ ಜಾಸ್ತಿ ದಾರಿ ಇಲ್ಲ. 7600 ಆದರೆ ಹೊಸ ಸಾಕೆಟ್, ಎಎಂ5. ನಾಲ್ಕು ವರ್ಷ ಬಿಟ್ಟು ಪ್ರೊಸೆಸರ್ ಒಂದನ್ನೇ ಬದಲಿಸಬಹುದು, ಅಲ್ವಾ? ಅದರೊಳಗೆ ಚಿಕ್ಕ ಗ್ರಾಫಿಕ್ಸೂ ಇದೆ, ಕಾರ್ಡ್ ಕೈಕೊಟ್ಟರೂ ಸ್ಕ್ರೀನ್ ಬರುತ್ತದೆ. ಆದರೆ ಅದಕ್ಕೆ ಡಿಡಿಆರ್4 ಹೊಂದುವುದಿಲ್ಲ, ಡಿಡಿಆರ್5 ರ‍್ಯಾಮ್ ಹೊಸದಾಗಿ ತರಬೇಕು. ಎರಡರಲ್ಲೂ 6 ಕೋರ್, 12 ಥ್ರೆಡ್, 65 ವ್ಯಾಟ್. ಕಾಗದದ ಮೇಲೆ ಅಣ್ಣ-ತಮ್ಮ ಇದ್ದ ಹಾಗೆ.

ಇಲ್ಲಿನ ಅಂಗಡಿಯವರನ್ನು ಕೇಳಿದರೆ, "ಸುಮ್ನ ಐ7 ಹಾಕ್ಸ್ರಿ ಸರ, ಚಿಂತಿನ ಇಲ್ಲ" ಅಂದರು. ಐ7 ಅಂದರೆ ಇಂಟೆಲ್‌ನ ದುಬಾರಿ ಪ್ರೊಸೆಸರ್. ದುಡ್ಡು ಕೊಡುವವನಿಗೆ ಚಿಂತೆ ಇರುತ್ತಲ್ಲ!

ಇನ್ನೊಂದು ಮಾತು. ನನ್ನ ಕೋಣೆ ಮೇಲಿನ ಮಹಡಿಯಲ್ಲಿ, ಸ್ಲ್ಯಾಬ್ ಕೆಳಗೇ. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ಇದ್ದಾಗ ಒಳಗೆ ಹಂಚಿನ ಮೇಲೆ ಕೂತ ಹಾಗೆ. ಪ್ರೊಸೆಸರ್ ಡಬ್ಬಿಯಲ್ಲಿ ಬರುವ ಕೂಲರ್ ತಡೆಯುತ್ತದಾ, ಬೇರೆ ಹಾಕಿಸಬೇಕಾ? ಬಾಗಲಕೋಟೆ, ಕಲಬುರಗಿ ಕಡೆಯ ಬಿಸಿಲಲ್ಲಿ ಈ ಪ್ರೊಸೆಸರ್‌ಗಳನ್ನು ಬಳಸುತ್ತಿರುವವರು ಟೆಂಪರೇಚರ್ ಎಷ್ಟು ಬರುತ್ತದೆ ಹೇಳಿ. ಭಾನುವಾರ ಖರೀದಿಗೆ ಹೋಗುತ್ತಿದ್ದೇನೆ.