ಪದಚರ್ಚೆ: ‘ಬಡ್ಡಿ ಕಾಮಿಡಿ’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ

ಸಿನಿಮಾ ಬರಹಗಳಲ್ಲಿ ‘ಬಡ್ಡಿ ಕಾಮಿಡಿ’ ಎಂಬ ಮಾತು ಬರುತ್ತಿರುತ್ತದೆ. ‘ಬಡ್ಡಿ’ ಎಂದರೆ ಇಂಗ್ಲಿಷಿನಲ್ಲಿ ಗೆಳೆಯ; ಇಬ್ಬರ ಒಡನಾಟ, ಜಗಳಗಳೇ ಕಥೆಯಾಗುವ ನಗೆಚಿತ್ರಕ್ಕೆ ಈ ಹೆಸರು. ಕನ್ನಡ ಲಿಪಿಗೆ ಇಳಿಸಿದ ಕೂಡಲೇ ಅದು ಸಾಲದ ಬಡ್ಡಿ. ಪಕ್ಕದಲ್ಲಿ ‘ಮಗ’ ಸೇರಿದರಂತೂ ಬೈಗುಳ. ‘ಗೆಳೆಯರ ಹಾಸ್ಯ’, ‘ಸ್ನೇಹಹಾಸ್ಯ’, ‘ಜೋಡಿಹಾಸ್ಯ’ – ಯಾವುದು ಒಪ್ಪುತ್ತದೆ? ಇದರ ಜೊತೆಗೇ ಬರುವ ‘ಸ್ಟ್ರೇಟ್ ಮ್ಯಾನ್’ (ನಗಿಸುವವನ ಎದುರು ಗಂಭೀರವಾಗಿರುವವನು), ‘ಬ್ಯಾಂಟರ್’ (ಪರಸ್ಪರ ಛೇಡಿಸುವ ಮಾತು), ‘ರನ್ನಿಂಗ್ ಗ್ಯಾಗ್’ (ಚಿತ್ರದುದ್ದಕ್ಕೂ ಮತ್ತೆ ಮತ್ತೆ ಬರುವ ತಮಾಷೆ) ಇವುಗಳಿಗೂ ಬಳಕೆಯ ಮಾತಿದ್ದರೆ ಬಲ್ಲವರು ತಿಳಿಸಬೇಕು.

ಉತ್ತರ 1

‘ಗೆಳೆಯರ ಹಾಸ್ಯ’ ಬೇಡ. ಇಂಥ ಎಷ್ಟೋ ಚಿತ್ರಗಳಲ್ಲಿ ಇಬ್ಬರೂ ಮೊದಲಿಗೆ ಗೆಳೆಯರೇ ಆಗಿರುವುದಿಲ್ಲ. ‘ದಿ ನೈಸ್ ಗೈಸ್’ (2016) ನಡೆಯುವುದು 1977ರ ಲಾಸ್ ಏಂಜಲೀಸ್‌ನಲ್ಲಿ. ದುಡ್ಡಿಗೆ ಹೊಡೆಯುವವನೊಬ್ಬ ಖಾಸಗಿ ಪತ್ತೇದಾರನ ಮನೆ ಬಾಗಿಲಿಗೆ ಬಂದು ಅವನ ಕೈ ಮುರಿಯುತ್ತಾನೆ. ಪರಿಚಯ ಆಗುವುದೇ ಹಾಗೆ. ಇಬ್ಬರನ್ನೂ ಬಿಟ್ಟುಹೋಗದಂತೆ ಕಟ್ಟಿಹಾಕುವ ಕಾರಣವೊಂದು ಬೇಕು: ಹಣ, ಗಡುವು, ಕೈಕೋಳ, ಏನಾದರೂ ಸರಿ. ಆ ಕಟ್ಟು ಸಡಿಲವಾಗಿದ್ದರೆ ‘ಇಷ್ಟು ಜಗಳವಾಡುವ ಬದಲು ಇವರು ಮನೆಗೆ ಹೋಗಬಾರದೇ’ ಎಂದು ನೋಡುವವರಿಗೆ ಅನ್ನಿಸುತ್ತದೆ. ಅಲ್ಲಿಗೆ ನಗೆ ನಿಂತಿತು.

‘ಜೋಡಿ’ ಎಂದರೆ ನಮ್ಮಲ್ಲಿ ನಾಯಕ–ನಾಯಕಿ ಎಂಬ ಆಕ್ಷೇಪ ಬರಬಹುದು. ಆದರೆ ‘ಹಾಸ್ಯ ಜೋಡಿ’ ಎಂದೊಡನೆ ನರಸಿಂಹರಾಜು–ಬಾಲಕೃಷ್ಣ ನೆನಪಾಗುತ್ತಾರಲ್ಲ. ಅವರು ಹೆಚ್ಚಾಗಿ ನಾಯಕನ ಕಥೆಯ ಪಕ್ಕದಲ್ಲಿ ನಗಿಸಿದವರು. ಇಲ್ಲಿ ಜೋಡಿಯೇ ಕಥೆ. ಆ ಲೆಕ್ಕಕ್ಕೆ ವಿಷ್ಣುವರ್ಧನ್–ದ್ವಾರಕೀಶ್ ಅವರ ‘ಕಳ್ಳ ಕುಳ್ಳ’ (1975), ‘ಕಿಟ್ಟು ಪುಟ್ಟು’ (1977) ಹತ್ತಿರ. ನನ್ನ ಮತ ‘ಜೋಡಿಹಾಸ್ಯ’ಕ್ಕೆ.

‘ಸ್ಟ್ರೇಟ್ ಮ್ಯಾನ್’ ಅನ್ನು ‘ನೇರ ಮನುಷ್ಯ’ ಎಂದವರಿದ್ದಾರೆ, ದಯವಿಟ್ಟು ಬೇಡ. ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಲೆಯಲ್ಲಿ, ಎದುರಿನ ಪಾತ್ರವಾಗಿ ವಾದ ಹೂಡುವವನನ್ನು ‘ಇದಿರು ಅರ್ಥಧಾರಿ’ ಎನ್ನುತ್ತಾರೆ. ಇದಿರಿನವನು ಗಟ್ಟಿಯಿಲ್ಲದಿದ್ದರೆ ಎಂಥ ದೊಡ್ಡವರ ಮಾತೂ ರಂಗೇರುವುದಿಲ್ಲ. ಹಾಗಾಗಿ ‘ಇದಿರು ಪಾತ್ರ’. ಅಸಂಬದ್ಧವನ್ನು ಗಂಭೀರವಾಗಿ ತೆಗೆದುಕೊಳ್ಳುವವನು ಎದುರಿಗಿದ್ದರೇ ಅದು ಎಷ್ಟು ಅಸಂಬದ್ಧ ಎಂದು ತಿಳಿಯುವುದು.

ಹಳೆಯ ಪದ್ಧತಿಯಲ್ಲಿ ಒಬ್ಬ ಪೆದ್ದ, ಇನ್ನೊಬ್ಬ ಜಾಣ. ಕೊನೆಯವರೆಗೂ ಅದೇ ಪಾಲು. ಅರ್ಧ ಗಂಟೆಯೊಳಗೆ ಮುಂದಿನ ಮಾತು ಪ್ರೇಕ್ಷಕನಿಗೇ ಹೊಳೆಯತೊಡಗುತ್ತದೆ. ಈಗಿನ ಒಳ್ಳೆಯ ಚಿತ್ರಗಳಲ್ಲಿ ಇದಿರು ಪಾತ್ರ ಕೈ ಬದಲಾಗುತ್ತದೆ. ಅದರ ಪಾಠಕ್ಕೆ ಈಗಲೂ ‘ಮಿಡ್‌ನೈಟ್ ರನ್’ (1988) ಸಾಕು. ಮಾಜಿ ಪೊಲೀಸನೊಬ್ಬ ಒಂದು ಲಕ್ಷ ಡಾಲರಿಗಾಗಿ, ಜಾಮೀನಿನ ಮೇಲೆ ಹೊರಬಂದು ತಲೆಮರೆಸಿಕೊಂಡ ಲೆಕ್ಕಿಗನೊಬ್ಬನನ್ನು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಶುಕ್ರವಾರ ಮಧ್ಯರಾತ್ರಿಯೊಳಗೆ ತಲುಪಿಸಬೇಕು. ಸಿಗರೇಟು ಬಿಡು, ಎಣ್ಣೆ ಪದಾರ್ಥ ಬಿಡು ಎಂದು ದಾರಿಯುದ್ದಕ್ಕೂ ಬುದ್ಧಿ ಹೇಳುವವನು ಲೆಕ್ಕಿಗ. ಕೈಯಲ್ಲಿ ಕಾಸಿಲ್ಲದಾಗ ಇದೇ ಸಭ್ಯಸ್ಥ ಎಫ್‌ಬಿಐ ಅಧಿಕಾರಿಯ ಸೋಗಿನಲ್ಲಿ ಬಾರ್ ಹೊಕ್ಕು, ಖೋಟಾ ನೋಟು ಪರೀಕ್ಷಿಸುವ ನೆಪದಲ್ಲಿ ಅಸಲಿ ನೋಟು ಎತ್ತಿಕೊಂಡು ಬರುತ್ತಾನೆ; ಪೊಲೀಸನಾಗಿದ್ದವನು ಪಕ್ಕವಾದ್ಯ. ಇಬ್ಬರ ಸ್ವಭಾವವೂ ಬದಲಾಗಿಲ್ಲ, ಪಾಲು ಮಾತ್ರ ಅದಲುಬದಲು.

ಉತ್ತರ 2

‘ಬ್ಯಾಂಟರ್’ಗೆ ‘ವಿನೋದ ಸಂಭಾಷಣೆ’ ಎಂದರೆ ಆಕಾಶವಾಣಿಯ ಕಾರ್ಯಕ್ರಮದ ಹೆಸರಿನಂತಾಗುತ್ತದೆ. ಮಾತಿನ ಜಟಾಪಟಿ, ಕಿಚಾಯಿಸುವುದು, ಕಾಲೆಳೆಯುವುದು ಇವು ಸಾಕು. ಚಿತ್ರೀಕರಣದ ಜಾಗದಲ್ಲಿ ‘ಕೌಂಟರ್’ ಎನ್ನುತ್ತಾರೆ, ಆದರೆ ಕೌಂಟರ್ ಎಂದರೆ ತಿರುಗೇಟಿನ ಒಂದು ಸಾಲು ಮಾತ್ರ.

ಜಟಾಪಟಿ ಕೆಡುವುದು ಬಹಳ ಸಲ ಬರವಣಿಗೆಯಿಂದಲ್ಲ, ಚಿತ್ರೀಕರಣದಿಂದ. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಇಡಬೇಕು, ಏಕೆಂದರೆ ನಗೆ ಇರುವುದು ಕೇಳಿಸಿಕೊಳ್ಳುವವನ ಮುಖದಲ್ಲಿ. ಒಬ್ಬೊಬ್ಬರನ್ನೇ ಕ್ಲೋಸಪ್‌ನಲ್ಲಿ ತೆಗೆಯುವುದಾದರೆ ಎರಡು ಕ್ಯಾಮೆರಾಗಳು ಎರಡೂ ಕಡೆಯಿಂದ ಒಟ್ಟಿಗೆ ಓಡಬೇಕು. ಒಂದೇ ಕ್ಯಾಮೆರಾದಲ್ಲಿ ಸರದಿಯಂತೆ ತೆಗೆದರೆ, ಸ್ಥಳದಲ್ಲೇ ಹುಟ್ಟಿದ ಮಾತಿಗೆ ಸ್ಥಳದಲ್ಲೇ ಹುಟ್ಟಿದ ಪ್ರತಿಕ್ರಿಯೆ ಸಿಗುವುದಿಲ್ಲ. ಒಬ್ಬನ ಮಾತಿನ ಮೇಲೆ ಇನ್ನೊಬ್ಬ ಮಾತಾಡಿದಾಗ ಇವನ ದನಿ ಅವನ ಮೈಕಿಗೂ ಸೋರಿ, ಸಂಕಲನದಲ್ಲಿ ಕತ್ತರಿಸಲು ಬರುವುದಿಲ್ಲ. ಸೆಕೆಂಡಿಗೆ 24 ಫ್ರೇಮ್. ಪೆಚ್ಚಾದ ಮುಖವನ್ನು ಹನ್ನೆರಡು ಫ್ರೇಮ್ ಹೆಚ್ಚು ಹಿಡಿದರೂ ನಗೆಯ ತೂಕವೇ ಬೇರೆ. ಆ ಮೌನದೊಳಗೆ ‘ಟೊಂಯ್’ ಎಂಬ ಸದ್ದು ತುರುಕುವ ಚಟ ಮಾತ್ರ ನಮ್ಮವರಿಗೆ ಇನ್ನೂ ಬಿಟ್ಟಿಲ್ಲ.

‘ರನ್ನಿಂಗ್ ಗ್ಯಾಗ್’ಗೆ ‘ಮರುಕಳಿಸುವ ಹಾಸ್ಯ’ ಎಂದು ಓದಿದ ನೆನಪು. ಮರುಕಳಿಸುವುದು ಜ್ವರ. ‘ನಗೆಪಲ್ಲವಿ’ ಎನ್ನಬಹುದು: ಪಲ್ಲವಿ ಅದೇ ಆದರೂ ಪ್ರತಿ ಚರಣದ ನಂತರ ಬೇರೆಯಾಗಿ ಕೇಳಿಸುತ್ತದೆ. ಎರಡನೆಯ ಸಲ ಸಂದರ್ಭ ಬದಲಾಗಬೇಕು, ಮೂರನೆಯ ಸಲ ಆ ಮಾತು ಇನ್ನೊಬ್ಬನ ಬಾಯಲ್ಲಿ ಬಂದರೆ ಇನ್ನೂ ಒಳ್ಳೆಯದು. ಮೇಲಿನ ಲೆಕ್ಕಿಗನ ವಿಷಯವನ್ನೇ ನೋಡಿ. ವಿಮಾನವೆಂದರೆ ಭಯ ಎಂದು ರಂಪ ಮಾಡಿ ರೈಲು, ಬಸ್ಸು, ಕಾರು ಹತ್ತಿಸಿದವನು ಕೊನೆಗೆ ಪುಟ್ಟ ವಿಮಾನವೊಂದನ್ನು ತಾನೇ ಓಡಿಸಿಕೊಂಡು ಪರಾರಿಯಾಗಲು ಹೊರಡುತ್ತಾನೆ. ನಗಿಸಿದ ಸುಳ್ಳೇ ಜಗಳಕ್ಕೆ ಕಾರಣವಾಯಿತು. ಮುಕ್ಕಾಲು ಚಿತ್ರ ಮುಗಿದಾಗ ಬರುವ ಮುನಿಸು ಹೀಗೆ ಒಳಗಿನಿಂದ ಬರದಿದ್ದರೆ ಚಿತ್ರಕಥೆಯ ಪುಸ್ತಕ ನೋಡಿ ಬರೆದಂತಿರುತ್ತದೆ.

ಉತ್ತರ 3

‘ಎತ್ತು ಏರಿಗೆ, ಕೋಣ ನೀರಿಗೆ’ ಎಂಬ ಗಾದೆಯಿರುವಾಗ ‘ಎತ್ತುಕೋಣ ಹಾಸ್ಯ’ ಎಂದುಬಿಡೋಣವೇ ಎಂದು ಬರೆಯಲು ಹೊರಟಿದ್ದೆ. ಆದರೆ ‘ಬುಕ್‌ಸ್ಮಾರ್ಟ್’ (2019) ಅಡ್ಡ ಬಂತು. ಅದರ ಇಬ್ಬರು ಹುಡುಗಿಯರೂ ಪುಸ್ತಕದ ಹುಳುಗಳು, ಮೊದಲಿನಿಂದಲೂ ಜೀವದ ಗೆಳತಿಯರು. ಒಬ್ಬಳು ‘ಮಲಾಲಾ’ ಎಂದರೆ ಇನ್ನೊಬ್ಬಳು ಮರುಮಾತಿಲ್ಲದೆ ಜೊತೆಗೆ ಹೋಗಬೇಕು ಎಂಬ ಕರಾರು ಅವರೊಳಗಿದೆ. ಕಟ್ಟು ಇದೆ, ಹೊಂದದ ಜೋಡಿ ಇಲ್ಲ. ಆದ್ದರಿಂದ ‘ಜೋಡಿಹಾಸ್ಯ’ವೇ ಸರಿ, ‘ವಿಷಮ ಜೋಡಿ’ ಅದರ ಒಂದು ಬಗೆ.

ಇದೇ ಜೋಡಿಕಥೆಯ ಪೊಲೀಸ್ ಬಗೆಯಾದ ‘ಬಡ್ಡಿ ಕಾಪ್’ಗೆ ‘ಪೊಲೀಸ್ ಜೋಡಿ’ ಎಂದು ಬರೆಯುವಾಗ ಸ್ವಲ್ಪ ಎಚ್ಚರ ಬೇಕು. ಆ ಬಗೆಗೆ ಮಾದರಿಯಾದ ‘48 ಅವರ್ಸ್’ (1982) ಚಿತ್ರದಲ್ಲಿ ಪೊಲೀಸನ ಜೊತೆಗಾರ ಎರಡು ದಿನದ ಮಟ್ಟಿಗೆ ಹೊರಬಂದ ಕೈದಿ.