ಬಾಯಿಗೆ ಎಷ್ಟು ಮಾರ್ಕು?

ರಾಘು: ಮೂರು ವರ್ಷ ಫ್ರೆಂಚ್ ಓದಿದ ಹುಡುಗ ಸಬ್‌ಜಂಕ್ಟಿವ್ ಅನ್ನೋ ಕಷ್ಟದ ಕ್ರಿಯಾರೂಪಾನ ತಪ್ಪಿಲ್ಲದೆ ಬರೀತಾನೆ. ಎದುರಿಗೆ ಯಾರಾದ್ರೂ ಬಂದು 'ಸಾ ವಾ?' (ಹೇಗಿದ್ದೀಯ?) ಅಂದ್ರೆ ಬೆವರ್ತಾನೆ. ಯಾಕೆ?

ವನಜ: 'ಸಾ ವಾ'ಗೆ ಸಿಲಬಸ್‌ನಲ್ಲಿ ಮಾರ್ಕಿಲ್ಲ. ಪ್ರಶ್ನೆಪತ್ರಿಕೆ ನೋಡು: ಬಿಟ್ಟ ಜಾಗ ತುಂಬಿ, ಕಾಲ ಬದಲಿಸಿ, ಅನುವಾದಿಸಿ. ಮೂರಕ್ಕೂ ಬಾಯಿ ತೆರೆಯೋದೇ ಬೇಡ.

ಶೀನ: ಆಕಳಿಸೋಕೆ ತೆರೀಬಹುದು.

ವನಜ: ಲೆಕ್ಕ ಹಾಕು. ತರಗತೀಲಿ 40 ಜನ, ಅವಧಿ 60 ನಿಮಿಷ. ಹಾಜರಿ, ಪಾಠ, ಬೋರ್ಡು ಎಲ್ಲ ಕಳೆದು 20 ನಿಮಿಷ ಉಳೀತು ಅಂದ್ಕೊ. ಒಬ್ಬೊಬ್ಬರನ್ನೇ ಎಬ್ಬಿಸಿದ್ರೆ ತಲೆಗೆ 30 ಸೆಕೆಂಡ್.

ಶೀನ: ಅದರಲ್ಲಿ ಹತ್ತು ಗಂಟಲು ಸರಿಮಾಡ್ಕೊಳ್ಳೋಕೆ.

ವನಜ: ಅದೇ ಜೋಡಿ ಜೋಡಿಯಾಗಿ ಕೂರಿಸಿದ್ರೆ ತಲೆಗೆ 10 ನಿಮಿಷ.

ರಾಘು: ಎರಡನೇ ನಿಮಿಷಕ್ಕೆ ಸ್ವಂತ ಭಾಷೆಗೆ ಜಾರ್ತಾರೆ, ಮಾರಾಯ್ತಿ.

ವನಜ: ಬರೀ 'ಮಾತಾಡಿ' ಅಂತ ಬಿಟ್ರೆ ಜಾರ್ತಾರೆ. ಒಬ್ಬನ ಕೈಗೆ ಫೋನ್ ನಂಬರುಗಳ ಪಟ್ಟಿ ಕೊಡು, ಇನ್ನೊಬ್ಬನಿಗೆ ಖಾಲಿ ಪಟ್ಟಿ. ಕೇಳದೆ ತುಂಬೋಕಾಗಲ್ಲ. ಫ್ರಾನ್ಸಿನಲ್ಲಿ ನಂಬರನ್ನ ಎರಡೆರಡು ಅಂಕಿಯಾಗಿ ಹೇಳ್ತಾರೆ. 75 ಅಂದ್ರೆ 'ಅರವತ್ತು-ಹದಿನೈದು'. ಹುಡುಗ 60 ಬರೆದು, ಪಕ್ಕದಲ್ಲಿ 15 ಬರೀತಾನೆ.

ಶೀನ: 97 ಬಂದ್ರೆ ನಾಲ್ಕು, ಇಪ್ಪತ್ತು, ಹತ್ತು, ಏಳು. ಕ್ಯಾಲ್ಕುಲೇಟರ್ ಒಳಗೆ ಬಿಡ್ತಾರಾ?

ರಾಘು: ಇನ್ನೊಂದು ಕಾಟ ಪಾಸೆ ಸ್ಯಾಂಪ್ಲ್. ಅದು ಕಾದಂಬರಿಗಳಲ್ಲಿ ಬರೋ ಭೂತಕಾಲದ ಕ್ರಿಯಾರೂಪ, ಇವತ್ತಿನ ಮಾತಲ್ಲಿ ಇಲ್ಲ. ಪಠ್ಯ ಪೂರ್ತಿ ಸಾಹಿತ್ಯವಾದ್ರೆ ಹುಡುಗ ಮಾತಲ್ಲೂ ಅದನ್ನೇ ಹಾಕ್ತಾನೆ. ಹಳಗನ್ನಡದಲ್ಲಿ ಬಸ್ ಟಿಕೆಟ್ ಕೇಳಿದಂಗೆ. ಕೇಳೋ ಪಾಠ ಇಲ್ದಿದ್ರೆ 'ಜ ನ ಸೆ ಪಾ' (ನಂಗೊತ್ತಿಲ್ಲ) ಅನ್ನೋದು ಆಡುಮಾತಲ್ಲಿ 'ಶೆಪಾ' ಆಗುತ್ತೆ ಅಂತಲೂ ತಿಳಿಯಲ್ಲ.

ವನಜ: ಉಚ್ಚಾರಣೇನ ಕೊನೇ ವರ್ಷದ ಪೇಪರಿಗೆ ತಳ್ಳೋದಂತೂ ಶುದ್ಧ ದಂಡ. ಅಷ್ಟೊತ್ತಿಗೆ ತಪ್ಪು ಗಟ್ಟಿಯಾಗಿರುತ್ತೆ. ಮೊದಲ ವಾರಗಳಲ್ಲೇ ಆಗಬೇಕು: 'ಈ' ಅನ್ನು, ನಾಲಿಗೆ ಕದಲಿಸದೆ ತುಟಿ ಮಾತ್ರ ಗುಂಡಗೆ ಮಾಡು. ಅದೇ ಫ್ರೆಂಚಿನ 'ಯು'. ಅದನ್ನ 'ಊ' ಅಂದ್ರೆ, 'ದಸ್ಯು' (ಮೇಲೆ) ಹೋಗಿ 'ದಸೂ' (ಕೆಳಗೆ) ಆಗಿ, ಮೇಜಿನ ಮೇಲಿನ ಪುಸ್ತಕ ಮೇಜಿನ ಕೆಳಗೆ ಹೋಗುತ್ತೆ.

ರಾಘು: ವೈವಾ ಇಟ್ಟ ಕಡೇನೂ 'ನನ್ನ ಹವ್ಯಾಸ' ಉರು ಹೊಡೆದು ಬರ್ತಾರೆ. ಫ್ರೆಂಚ್ ಸರ್ಕಾರದ ಭಾಷಾ ಪರೀಕ್ಷೆ ಡೆಲ್ಫ್, ಅದರ ಮಧ್ಯಮ ಹಂತ ಬಿ1 ನೋಡು. ಮಾತಿಗೆ ನೂರರಲ್ಲಿ 25 ಅಂಕ. ಅದರಲ್ಲಿ 5 ಬರದಿದ್ರೆ ಒಟ್ಟು ಎಷ್ಟಿದ್ರೂ ಫೇಲು. ಮಾತಿನ ಪರೀಕ್ಷೆಯ ನಡುವೆ ಬರೋ ಪಾತ್ರಾಭಿನಯಕ್ಕೆ ತಯಾರಿ ಸಮಯಾನೇ ಇಲ್ಲ. ಉರು ಎಲ್ಲಿ ನಡೆಯುತ್ತೆ?

ವನಜ: ಅಲ್ಲಿಗೆ ಮುಟ್ಟೋಕೆ '4-3-2' ಅನ್ನೋ ಅಭ್ಯಾಸ ಮಾಡಿಸಬೇಕು. ಒಂದೇ ವಿಷಯ, ಮೊದಲನೇ ಜೊತೆಗಾರನಿಗೆ 4 ನಿಮಿಷ, ಎರಡನೆಯವನಿಗೆ 3, ಮೂರನೆಯವನಿಗೆ 2. ಏನು ಹೇಳಬೇಕು ಅನ್ನೋದು ಗೊತ್ತಿರೋದ್ರಿಂದ ತಡವರಿಕೆ ಕಮ್ಮಿಯಾಗುತ್ತೆ. ಮೊದಲೇ ಬರ್ಕೊಳ್ಳಿ ಅಂದ್ರೆ ಕೆಟ್ಟಿತು, ಓದಿ ಒಪ್ಪಿಸ್ತಾರೆ. ನಡುವೆ ಬಾಯಿ ಹಾಕಿ ತಿದ್ದೋದೂ ಬೇಡ. ಎರಡೋ ಮೂರೋ ತಪ್ಪು ಗುರುತಿಟ್ಕೊಂಡು ಆಮೇಲೆ ಹೇಳಿದ್ರಾಯ್ತು.

ರಾಘು: ನಾಮಪದದ ಲಿಂಗ ತಪ್ಪಿದ್ರೆ ತಲಾ ಅರ್ಧ ಮಾರ್ಕು ಕತ್ತರಿಸೋ ಪರೀಕ್ಷಕರಿದ್ದಾರಲ್ಲ? ಹುಡುಗರು ನಾಮಪದವನ್ನೇ ಬಿಟ್ಬಿಡ್ತಾರೆ.

ಶೀನ: ಸರಿ ಮತ್ತೆ. ವೈವಾ ಪೂರ್ತಿ 'ವಿ' (ಹೌದು) ಅಂತಿದ್ರೆ ತಪ್ಪೇ ಇಲ್ಲ.

ವನಜ: ಅದಕ್ಕೇ ಪ್ರತಿ 'ವಿ'ಗೂ 'ಪುರ್ಕ್ವಾ?' (ಯಾಕೆ?) ಅಂತ ಕೇಳೋ ಪರೀಕ್ಷಕರು ಬೇಕು ಅನ್ನೋದು.

ಶೀನ: ಅದಕ್ಕೂ 'ವಿ' ಅಂದ್ರೆ?

ರಾಘು: ಸಪ್ಲಿಮೆಂಟರಿ.